ಅಣಶಿ, ಭೀಮಗಡದ ಅಡವಿಗೆ ಹೊರಡುವ ಮುನ್ನ ಹಾಕಬೇಕಾದ ತಾಸಿನ ಲೆಕ್ಕ

(ಬೆಳಗಾವಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೂ ಇವೆ.)

ಎಲ್ಲರಿಗೂ ಶರಣು.

ಖಾನಾಪುರದ ಆಚೆಯ ಅಡವಿಗೆ ಹೊರಟವರು ಕೇಳುವ ಮೊದಲ ಮಾತು, "ಅಲ್ಲಿ ಹುಲಿ ಅದಾವೇನ್ರಿ?" ಹುಲಿ ಇವೆ. ಚಿರತೆ, ಕರಿಚಿರತೆ, ಆನೆ, ಕರಡಿ, ಕಾಡುಕೋಣ ಎಲ್ಲವೂ ಇವೆ. ಆದರೆ ತಯಾರಿ ಶುರು ಆಗಬೇಕಾದದ್ದು ಬೇರೆ ಪ್ರಶ್ನೆಯಿಂದ. ಕಾಡಿನೊಳಗೆ ಒಬ್ಬರ ಕಾಲು ಮುರಿದರೆ ಅವರನ್ನು ದವಾಖಾನೆಗೆ ಮುಟ್ಟಿಸಲು ಎಷ್ಟು ತಾಸು ಬೇಕು?

ಲೆಕ್ಕ ಹಾಕೋಣ. ಡಾಂಬರು ರಸ್ತೆಯಿಂದ 5 ಕಿ.ಮೀ. ಒಳಗೆ ಒಬ್ಬರು ಜಾರಿ ಬಿದ್ದರು ಅನ್ನಿ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಸುದ್ದಿ ಮುಟ್ಟಿಸಲು ಹೋದವರು ರಸ್ತೆ ಸೇರಲು 2 ತಾಸು. ಅಲ್ಲಿಂದ ಗಾಡಿಯೋ ಸಿಗ್ನಲ್ಲೋ ಸಿಗಲು 1 ತಾಸು. ಎತ್ತಲು ಬೇಕಾದ ಜನ ಒಳಗೆ ನಡೆದು ಬರಲು ಮತ್ತೆ 2 ತಾಸು. ಮನುಷ್ಯನನ್ನು ಹೊತ್ತು ಬೇರು, ಕಲ್ಲು, ಏರುತಗ್ಗಿನ ದಾರಿಯಲ್ಲಿ ನಡೆದರೆ ತಾಸಿಗೆ 1 ಕಿ.ಮೀ. ಸಾಗಿದರೆ ಹೆಚ್ಚು, ಅದು 5 ತಾಸು. ರಸ್ತೆಯಿಂದ ಖಾನಾಪುರಕ್ಕೆ 1 ತಾಸು. ಒಟ್ಟು 11 ತಾಸು. ಬೆಳಿಗ್ಗೆ 11ಕ್ಕೆ ಬಿದ್ದವರು ದವಾಖಾನೆಯ ಮೆಟ್ಟಿಲು ಹತ್ತುವುದು ರಾತ್ರಿ 10ಕ್ಕೆ.

ಬೆಳಗಾವಿ ಪೇಟೆಯಲ್ಲಿ ಇದೇ ಕಾಲು ಮುರಿದರೆ ಅರ್ಧ ತಾಸಿನ ಮಾತು. ಪೆಟ್ಟು ಒಂದೇ, ಬದಲಾಗಿದ್ದು ತಾಸು. ಇವತ್ತು ಹೇಳುವ ಎಲ್ಲ ಮಾತೂ ಈ 11 ತಾಸನ್ನು ಕಡಿಮೆ ಮಾಡುವುದಕ್ಕೆ, ಇಲ್ಲವೇ ಆ 11 ತಾಸು ಗಾಯಗೊಂಡವರನ್ನು ಕಾಪಾಡಿಕೊಳ್ಳುವುದಕ್ಕೆ.

ಯಾವ ಕಾಡು, ಯಾವ ಕಾಲ

ನಮ್ಮ ಮೂರೂ ಜಿಲ್ಲೆಗಳಲ್ಲಿ, ಅಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ, ರಾಷ್ಟ್ರೀಯ ಉದ್ಯಾನ ಇಲ್ಲ. ರಾಜ್ಯದೊಳಗೆ ಹತ್ತಿರದ್ದು ಉತ್ತರ ಕನ್ನಡದ ಜೋಯಿಡಾ ತಾಲೂಕಿನ ಅಣಶಿ. 1987ರಲ್ಲಿ ಘೋಷಣೆಯಾದ, ಸುಮಾರು 340 ಚದರ ಕಿ.ಮೀ. ಹರವಿನ ಉದ್ಯಾನ. 2007ರಲ್ಲಿ ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಬೆಳಗಾವಿಯಿಂದ ಖಾನಾಪುರ, ರಾಮನಗರ, ಜೋಯಿಡಾ, ಕುಂಬಾರವಾಡಾ ಮೇಲೆ ಹೋದರೆ ಅಣಶಿಗೆ ಮೂರರಿಂದ ನಾಲ್ಕು ತಾಸು ಇಟ್ಟುಕೊಳ್ಳಿ. ಮುಂದೆ ಘಟ್ಟ ಇಳಿದರೆ ಕದ್ರಾ, ಕಾರವಾರ.

ನಮ್ಮದೇ ಜಿಲ್ಲೆಯೊಳಗಿನ ದಟ್ಟ ಕಾಡು ಭೀಮಗಡ ವನ್ಯಜೀವಿ ಅಭಯಾರಣ್ಯ. ಖಾನಾಪುರ ತಾಲೂಕಿನಲ್ಲಿದೆ, 2011ರ ಡಿಸೆಂಬರಿನಲ್ಲಿ ಘೋಷಣೆಯಾಯಿತು, ಸುಮಾರು 190 ಚದರ ಕಿ.ಮೀ. ಮಹದಾಯಿ ಹುಟ್ಟುವುದು ಈ ಕಾಡಿನಲ್ಲಿ. ಬಾರಾಪೇಡೆ ಗುಹೆಯ ಅಪರೂಪದ ಬಾವಲಿಗಳೂ ಇಲ್ಲಿಯವೇ. ಕಾಗದದ ಮೇಲೆ ಒಂದು ಉದ್ಯಾನ, ಇನ್ನೊಂದು ಅಭಯಾರಣ್ಯ. ಪ್ರವಾಸದ ತಯಾರಿಯ ಮಟ್ಟಿಗೆ ಎರಡೂ ಒಂದೇ ತರಹ: ಊರು ವಿರಳ, ಸಿಗ್ನಲ್ ವಿರಳ, ಮಳೆ ವಿಪರೀತ.

ಮಳೆಯ ಬಗ್ಗೆ ಬಯಲುಸೀಮೆಯವರಿಗೆ ಒತ್ತಿ ಹೇಳಬೇಕು. ವಿಜಯಪುರದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿ.ಮೀ. ಖಾನಾಪುರ ತಾಲೂಕಿನ ಕಣಕುಂಬಿ, ಆಮಗಾಂವ ಕಡೆ ಜುಲೈ ತಿಂಗಳ ಒಂದೇ ವಾರದಲ್ಲಿ ಅಷ್ಟು ಸುರಿಯುವುದುಂಟು. ಹವಾಮಾನ ಇಲಾಖೆ 24 ತಾಸಿನಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಎಂದು ಕರೆಯುತ್ತದೆ. ಆರೆಂಜ್ ಅಲರ್ಟ್ ಇದ್ದ ದಿನ ಘಟ್ಟದ ಕಾಡಿಗೆ ಹೋಗಬೇಡಿ. ಅಲರ್ಟ್ ಇಳಿದ ಮರುದಿನವೂ ಬೇಡ. ನೆನೆದ ಗುಡ್ಡ ಮಳೆ ನಿಂತ ಮೇಲೂ ಕುಸಿಯುತ್ತದೆ. ಕಾರವಾರ–ಇಳಕಲ್ ರಾಜ್ಯ ಹೆದ್ದಾರಿಯ ಅಣಶಿ ಘಟ್ಟದಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗುವುದು ಹೊಸದಲ್ಲ. ಇಳಕಲ್, ಬಾಗಲಕೋಟೆಯಿಂದ ಹೊರಡುವವರು ಆ ರಸ್ತೆಯನ್ನೇ ನಂಬಿ ವಾಪಸಾಗುವ ಯೋಜನೆ ಹಾಕಬಾರದು. ರಾಮನಗರದ ದಾರಿ ಕೈಯಲ್ಲಿರಲಿ.

ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ. ಹಳ್ಳಗಳು ಇಳಿದಿರುತ್ತವೆ, ದಾರಿ ಕಾಣುತ್ತದೆ, ನಡೆದರೆ ಬಳಲಿಕೆ ಕಡಿಮೆ. ಮಾರ್ಚ್ ಮೇಲೆ ಎಲೆ ಉದುರಿ ಒಣಗಿ ಬೆಂಕಿಯ ಕಾಲ ಶುರುವಾಗುತ್ತದೆ. ಇಲಾಖೆ ಚಾರಣ ನಿಲ್ಲಿಸುವುದು ಆಗಲೇ. ಬೇಸಿಗೆಯಲ್ಲಿ ಪ್ರಾಣಿ ಚೆನ್ನಾಗಿ ಕಾಣುತ್ತವೆ ಎಂಬ ಮಾತು ನಿಜ, ಅದು ಜೀಪಿನಲ್ಲಿ ಕುಳಿತವರಿಗೆ. ನಡೆಯುವವರಿಗೆ ಅದೇ ಕಾಲದಲ್ಲಿ ಇರುವ ನಾಲ್ಕು ನೀರಿನ ಗುಂಡಿಗಳ ಸುತ್ತ ಆನೆ, ಕರಡಿ, ಕೋಣ ಎಲ್ಲ ಸೇರಿರುತ್ತವೆ.

ಪರವಾನಿಗೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೇ ಕಲಂ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಹೋಗುವುದನ್ನು ತಡೆಯುತ್ತದೆ. ಪ್ರವಾಸ, ಫೋಟೋಗ್ರಫಿ, ಅಧ್ಯಯನಕ್ಕೆ ಪರವಾನಿಗೆ ಕೊಡುವುದು 28ನೇ ಕಲಂ. ಒಳಗೆ ಬೆಂಕಿ ಹಚ್ಚುವುದನ್ನು 30ನೇ ಕಲಂ, ಆಯುಧ ಒಯ್ಯುವುದನ್ನು 31ನೇ ಕಲಂ ನಿಷೇಧಿಸುತ್ತವೆ. ಇದನ್ನು ಕಿರಿಕಿರಿ ಎಂದು ನೋಡುವವರಿದ್ದಾರೆ. ನಮ್ಮ ದೃಷ್ಟಿಯಲ್ಲಿ ಪರವಾನಿಗೆ ಎಂದರೆ ನೀವು ಕಾಡಿನೊಳಗೆ ಇದ್ದೀರಿ ಎಂದು ಒಬ್ಬ ಸರ್ಕಾರಿ ನೌಕರನಿಗೆ ಗೊತ್ತಿದೆ ಎಂಬ ಬರಹದ ಪುರಾವೆ. ಕದ್ದು ಹೋದವರನ್ನು ಹುಡುಕಲು ಯಾರೂ ಬರುವುದಿಲ್ಲ, ಯಾಕೆಂದರೆ ಅವರು ಹೋದದ್ದೇ ಯಾರಿಗೂ ಗೊತ್ತಿರುವುದಿಲ್ಲ.

ರಾಜ್ಯದ ಅನೇಕ ಚಾರಣ ದಾರಿಗಳಿಗೆ ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಬುಕಿಂಗ್ ಇದೆ. ಅಲ್ಲಿ ಇಲ್ಲದ ದಾರಿಗೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿ ಕಚೇರಿಗೆ ಎರಡು ವಾರ ಮೊದಲೇ ಅರ್ಜಿ ಹೋಗಲಿ. ಎಲ್ಲರ ಹೆಸರು, ವಯಸ್ಸು, ಆಧಾರ್ ಪ್ರತಿ, ಗಾಡಿ ನಂಬರ್, ದಿನಾಂಕ, ಯಾವ ಗೇಟಿನಿಂದ ಒಳಗೆ, ಯಾವ ಗೇಟಿನಿಂದ ಹೊರಗೆ, ಇಷ್ಟು ಇರಬೇಕು. ರಸೀದಿ ಇಸಿದುಕೊಳ್ಳಿ. ಮಾರ್ಗದರ್ಶಿಯನ್ನು ಇಲಾಖೆಯ ಮೂಲಕವೇ ಕೇಳಿ. ಭೀಮಗಡದ ಒಳಗಿನ ಹೆಮ್ಮಡಗಾ, ಗವಾಳಿ ಕಡೆಯ ಜನ ಮರಾಠಿ, ಕೊಂಕಣಿ ಆಡುವವರು. ದಾರಿ, ಹಳ್ಳ, ಪ್ರಾಣಿಯ ಓಡಾಟ ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಫೋನಿನ ನಕ್ಷೆಯಲ್ಲಿ ಗೆರೆ ಕಂಡ ಮಾತ್ರಕ್ಕೆ ಅದು ಜನ ನಡೆಯುವ ದಾರಿಯಲ್ಲ. ಎಷ್ಟೋ ಗೆರೆಗಳು ಹಳೆಯ ಕಟ್ಟಿಗೆ ಸಾಗಣೆಯ ಹಾದಿಗಳು, ಈಗ ಬಿದಿರು ಬಿದ್ದು ಮುಚ್ಚಿಹೋಗಿವೆ. ಡ್ರೋನ್ ಒಯ್ಯಲೇಬೇಡಿ.

ಕ್ಯಾಸಲ್‌ರಾಕ್ ಕಡೆಯಿಂದ ದೂಧಸಾಗರಕ್ಕೆ ಹಳಿಗುಂಟ ನಡೆದು ಹೋಗುವ ಚಟ ಇನ್ನೂ ಪೂರ್ತಿ ಬಿಟ್ಟಿಲ್ಲ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ. ಕಾನೂನು ಪಕ್ಕಕ್ಕಿಟ್ಟರೂ, ಸುರಂಗದೊಳಗೆ ಗಾಡಿ ಬಂದರೆ ಸರಿಯಲು ಜಾಗ ಇಲ್ಲ, ಮಳೆಯ ಸದ್ದಿನಲ್ಲಿ ಗಾಡಿಯ ಸದ್ದು ಕೇಳುವುದಿಲ್ಲ.

ದಿನದ ಲೆಕ್ಕ

ಬಯಲಿನಲ್ಲಿ ತಾಸಿಗೆ 5 ಕಿ.ಮೀ. ನಡೆಯುವವರು ಕಾಡಿನಲ್ಲಿ 2.5 ಕಿ.ಮೀ. ನಡೆದರೆ ಒಳ್ಳೆಯ ವೇಗ. 600 ಮೀಟರ್ ಏರಿಗೆ ಇನ್ನೊಂದು ತಾಸು ಸೇರಿಸಿ. ಹೋಗುವಾಗ 7 ಕಿ.ಮೀ., ಏರು 300 ಮೀಟರ್ ಅನ್ನಿ. ಎಂಟಕ್ಕೆ ಹೊರಟರೆ ಮುಟ್ಟಲು 3 ತಾಸು 20 ನಿಮಿಷ, 11.20ಕ್ಕೆ ಅಲ್ಲಿ. ಬುತ್ತಿ ಉಂಡು 12ಕ್ಕೆ ತಿರುಗಿದರೆ ಮೂರು ಗಂಟೆಯೊಳಗೆ ಗೇಟಿಗೆ ವಾಪಸ್. ಎಡವಟ್ಟಿಗೆಂದು 2 ತಾಸು ಇಟ್ಟರೂ ಐದಕ್ಕೆ ಮುಗಿಯಿತು. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಸಂಜೆ 6ರ ಸುಮಾರಿಗೆ, ಮರದಡಿ ಕತ್ತಲಾಗುವುದು ಅದಕ್ಕೂ ಅರ್ಧ ತಾಸು ಮೊದಲು. ಈ ಯೋಜನೆ ನಿಲ್ಲುತ್ತದೆ.

ಅದೇ ಏರಿನ 10 ಕಿ.ಮೀ. ಹಾದಿಗೆ ಲೆಕ್ಕ ಹಾಕಿ. ಮುಟ್ಟಲು ನಾಲ್ಕೂವರೆ ತಾಸು, ಅಂದರೆ 12.30. ಉಂಡು 1.10ಕ್ಕೆ ತಿರುಗಿದರೆ 5.10ಕ್ಕೆ ಗೇಟು. ಎಲ್ಲ ನೆಟ್ಟಗಾದರೆ ಬೆಳಕಿರುವಾಗಲೇ ಬರುತ್ತೀರಿ. ಆದರೆ ಎಡವಟ್ಟಿನ 2 ತಾಸು ಸೇರಿಸಿದರೆ 7.10, ಪೂರ್ತಿ ಕತ್ತಲು. ಒಬ್ಬರ ಬೂಟಿನ ಅಟ್ಟೆ ಕಿತ್ತರೆ ಸಾಕು, ಹತ್ತು ಜನ ಕತ್ತಲಲ್ಲಿ ಸಿಕ್ಕಿಬೀಳುತ್ತಾರೆ. ಈ ಯೋಜನೆ ನಿಲ್ಲುವುದಿಲ್ಲ, ದೂರ ಕಡಿಮೆ ಮಾಡಬೇಕು.

ಆದ್ದರಿಂದ ಮನೆಯಲ್ಲೇ ತಿರುಗುವ ಗಂಟೆ ಬರೆದಿಟ್ಟುಕೊಳ್ಳಿ. 12 ಎಂದು ಬರೆದರೆ 12ಕ್ಕೆ ತಿರುಗುವುದೇ. "ಇನ್ನ ಅರ್ಧಾ ತಾಸ್ನ್ಯಾಗ ಮುಟ್ತೇವಿ, ನಡೀರಿ" ಎನ್ನುವವರು ಪ್ರತಿ ಗುಂಪಿನಲ್ಲಿ ಒಬ್ಬರಿರುತ್ತಾರೆ. ಅವರ ಮಾತು ನಡೆಯಬಾರದು ಎಂದೇ ಗಂಟೆಯನ್ನು ಮೊದಲು ಎಲ್ಲರೂ ಒಪ್ಪಿರಬೇಕು.

ಗುಂಪಿನಲ್ಲಿ ನಾಲ್ಕಕ್ಕಿಂತ ಕಡಿಮೆ ಜನ ಬೇಡ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗೆ ಕೂರಬೇಕು, ಇಬ್ಬರು ಸುದ್ದಿ ಮುಟ್ಟಿಸಬೇಕು. ಕಾಡಿನಲ್ಲಿ ಯಾರೂ ಒಬ್ಬರೇ ನಡೆಯಬಾರದು. ನಿಧಾನ ನಡೆಯುವವರನ್ನು ಮಾರ್ಗದರ್ಶಿಯ ಹಿಂದೆಯೇ, ಎರಡನೆಯವರಾಗಿ ನಿಲ್ಲಿಸಿ. ಹಿಂದೆ ಬಿಟ್ಟರೆ ಅವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಮುಂದಿನವರು ಕುಂತು ಎದ್ದು ಹೊರಡುವಾಗ ಅವರು ಬಂದು ಮುಟ್ಟುತ್ತಾರೆ.

ಮನೆಯಲ್ಲಿ ಒಂದು ಹಾಳೆ ಬಿಟ್ಟು ಹೋಗಿ. ಎಲ್ಲರ ಹೆಸರು, ರಕ್ತದ ಗುಂಪು, ಔಷಧಿ ಅಲರ್ಜಿ, ಗಾಡಿ ನಂಬರ್, ಗಾಡಿ ನಿಲ್ಲಿಸುವ ಜಾಗ, ಹಾದಿ, ವಲಯ ಕಚೇರಿಯ ಫೋನು. ಕೆಳಗೆ ದಪ್ಪ ಅಕ್ಷರದಲ್ಲಿ: "ರಾತ್ರಿ 8ರ ತನಕ ಫೋನ್ ಬರದಿದ್ದರೆ ಮೊದಲು ವಲಯ ಕಚೇರಿಗೆ, ಆಮೇಲೆ 112ಕ್ಕೆ ಫೋನ್ ಮಾಡಿ." ಗಂಟೆ ಬರೆಯದ ಹಾಳೆಯಿಂದ ಪ್ರಯೋಜನವಿಲ್ಲ. ಮನೆಯವರು "ಬರ್ತಾರ ಬಿಡ್ರಿ" ಎಂದುಕೊಂಡು ಮುಂಜಾನೆವರೆಗೆ ಕಾಯುತ್ತಾರೆ. ನೀವೂ ಅಷ್ಟೇ, ಹೊರಬಿದ್ದು ಸಿಗ್ನಲ್ ಸಿಕ್ಕ ಕೂಡಲೇ ಮೊದಲ ಫೋನು ಆ ಹಾಳೆ ಹಿಡಿದವರಿಗೆ.

112 ಬಗ್ಗೆ ಒಂದು ಮಾತು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಇದ್ದರೆ ತುರ್ತು ಕರೆ ಹೋಗಬಹುದು. ಯಾವ ಕಂಪನಿಯದೂ ಇಲ್ಲದ ಕಣಿವೆಯಲ್ಲಿ ಹೋಗುವುದಿಲ್ಲ. ಆಂಬ್ಯುಲೆನ್ಸ್ 108, ಅರಣ್ಯ ಇಲಾಖೆ ಸಹಾಯವಾಣಿ 1926. ಗುಂಪಿನಲ್ಲಿ ಎಲ್ಲರದೂ ಒಂದೇ ಕಂಪನಿಯ ಸಿಮ್ ಇರದಂತೆ ನೋಡಿಕೊಳ್ಳಿ. ಖಾನಾಪುರ ಬಿಡುವಾಗಲೇ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಮಧ್ಯಾಹ್ನದೊಳಗೆ ಮುಗಿಯುತ್ತದೆ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದೆಯೂ ಜಿಪಿಎಸ್ ನಿಮ್ಮ ಜಾಗ ತೋರಿಸುತ್ತದೆ. ಬಿದ್ದವರ ಬಳಿಯಿಂದ ಹೊರಡುವವರು ಆ ಅಕ್ಷಾಂಶ, ರೇಖಾಂಶವನ್ನು ಕಾಗದದ ಮೇಲೆ ಬರೆದುಕೊಂಡು ಹೊರಡಬೇಕು.

ಚೀಲದಲ್ಲಿ ಏನಿರಬೇಕು

ನೀರು ಒಬ್ಬರಿಗೆ 3 ಲೀಟರ್, ಫೆಬ್ರುವರಿ ದಾಟಿದರೆ 4. ನಡೆಯುವಾಗ ತಾಸಿಗೆ ಅರ್ಧ ಲೀಟರ್ ಹೋಗುತ್ತದೆ. ಹಳ್ಳದ ನೀರು ಎಷ್ಟು ತಿಳಿಯಾಗಿದ್ದರೂ ಮೇಲ್ಗಡೆ ದನ, ಕೋಣ ಇಳಿದಿರುತ್ತವೆ. ಕ್ಲೋರಿನ್ ಮಾತ್ರೆ ಹಾಕಿ ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟೇ ಕುಡಿಯಿರಿ. ಓಆರ್‌ಎಸ್ ತಲಾ 2 ಪೊಟ್ಟಣ. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರಿಗೆ ಕಲಸಬೇಕು. ಒಂದು ಲೋಟ ನೀರಿಗೆ ಇಡೀ ಪೊಟ್ಟಣ ಸುರಿದು ಕುಡಿದರೆ ಉಪ್ಪು ಹೆಚ್ಚಾಗಿ ತೊಂದರೆಯೇ ಆಗುತ್ತದೆ.

ಬುತ್ತಿಗೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲಕ್ಕಿಂತ ಒಳ್ಳೆಯದು ಸಿಗದು. ಕೆಡುವುದಿಲ್ಲ, ಒಲೆ ಬೇಡ, ವಾಸನೆ ಕಡಿಮೆ. ರೊಟ್ಟಿಯನ್ನು ಡಬ್ಬಿಯಲ್ಲಿ ಹಾಕಿ, ಮಳೆಗಾಲದ ಹವೆಗೆ ಒಂದೇ ತಾಸಿನಲ್ಲಿ ಮೆತ್ತಗಾಗುತ್ತದೆ. ಲೆಕ್ಕಕ್ಕಿಂತ ಒಂದು ಹೊತ್ತಿನ ಊಟ ಹೆಚ್ಚಿಗೆ ಇರಲಿ, ಅದನ್ನು ವಾಪಸ್ ಬರುವವರೆಗೆ ಮುಟ್ಟಬೇಡಿ.

ತಲೆಗೆ ಕಟ್ಟುವ ಬ್ಯಾಟರಿ ಪ್ರತಿಯೊಬ್ಬರಿಗೂ ಒಂದು, ಹಗಲೇ ವಾಪಸ್ ಬರುವುದಿದ್ದರೂ. ಫೋನಿನ ಟಾರ್ಚು ಲೆಕ್ಕಕ್ಕಿಲ್ಲ. ಸೀಟಿ ಒಬ್ಬೊಬ್ಬರ ಕೊರಳಿಗೆ ಒಂದು. ಮೂರು ಸಲ ಊದಿದರೆ ಕಷ್ಟದಲ್ಲಿದ್ದೇವೆ ಎಂದು ಮೊದಲೇ ಮಾತಾಡಿಕೊಂಡಿರಿ. ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಸೀಟಿ ರಾತ್ರಿಯಿಡೀ ಊದಬಹುದು. ಅಂಗಿ ಪ್ಯಾಂಟು ಮೈತುಂಬ ಇರಲಿ, ಜೀನ್ಸ್ ಬೇಡ. ನೆನೆದ ಜೀನ್ಸ್ ಒಣಗುವುದಿಲ್ಲ, ತೊಡೆ ತಿಕ್ಕಿ ಕೆತ್ತುತ್ತದೆ. ಸೆಂಟು ಹೊಡೆದುಕೊಳ್ಳಬೇಡಿ, ಕಾರಣ ಹೆಜ್ಜೇನು.

ಔಷಧಿ ಡಬ್ಬಿಯಲ್ಲಿ 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ 4, ಗಾಯದ ಮೇಲೆ ಇಡುವ ಗಾಜ್ ಬಟ್ಟೆ, ಬೆಟಾಡಿನ್, ಪ್ಯಾರಾಸಿಟಮಾಲ್, ಸೆಟ್ರಿಜಿನ್, ಕತ್ತರಿ, ಚಿಮಟ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ತಮ್ಮ ಗುಳಿಗೆಯನ್ನು ಎರಡು ದಿನಕ್ಕೆ ಹೆಚ್ಚಿಗೆ ತರಬೇಕು, ಅದರಲ್ಲಿ ಅರ್ಧ ಬೇರೆಯವರ ಚೀಲದಲ್ಲಿರಬೇಕು. ಚೀಲ ಹಳ್ಳದ ಪಾಲಾದರೂ ಗುಳಿಗೆ ಉಳಿಯುತ್ತದೆ. ಜೊತೆಗೆ ಒಂದು ಗಟ್ಟಿ ಚಾದರ. ಎರಡು ಬಿದಿರು ಗಳಕ್ಕೆ ಸುತ್ತಿದರೆ ಅದೇ ಹೊರುವ ಡೋಲಿ. ನಾಲ್ವರು ಹೊರಲು, ನಾಲ್ವರು ಕೈ ಬದಲಿಸಲು, ಹೀಗೆ ಎಂಟು ಜನ ಬೇಕು. ಐದು ತಾಸಿನ ಲೆಕ್ಕ ನಿಂತಿರುವುದು ಈ ಎಂಟು ಜನರ ಮೇಲೆ.

ಗಾಡಿಗೆ ಖಾನಾಪುರದಲ್ಲೇ ಟ್ಯಾಂಕ್ ತುಂಬಿಸಿ. ಸ್ಟೆಪ್ನಿಯ ಗಾಳಿ ನೋಡಿ, ಜಾಕ್ ಮತ್ತು ಪಾನಾ ಇವೆಯೇ ನೋಡಿ. ಗಾಡಿಯ ಮೂತಿ ವಾಪಸಾಗುವ ದಿಕ್ಕಿಗೆ ಇರುವಂತೆ ನಿಲ್ಲಿಸಿ, ಇನ್ನೊಂದು ಚಾವಿ ಇನ್ನೊಬ್ಬರ ಕೈಯಲ್ಲಿರಲಿ.

ಹಳ್ಳ

ಕಾಡಿನಲ್ಲಿ ಹುಲಿಗಿಂತ ಹಳ್ಳಕ್ಕೆ ಹೆದರಬೇಕು. ನಮ್ಮ ಕಡೆಯವರು ಪ್ರವಾಹ ನೋಡದವರಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಊರುಗಳಿಗೆ ಅದು ಗೊತ್ತು. ಅಲ್ಲಿ ಅಣೆಕಟ್ಟಿನಿಂದ ಇಷ್ಟು ಕ್ಯುಸೆಕ್ ಬಿಟ್ಟರು ಎಂದು ಸುದ್ದಿ ಬರುತ್ತದೆ, ಡಂಗುರ ಬೀಳುತ್ತದೆ, ನೀರು ತಾಸು ತಾಸಿಗೆ ಏರುತ್ತದೆ. ಘಟ್ಟದ ಹಳ್ಳ ಹಾಗಲ್ಲ. ಅದರ ಜಲಾನಯನ ಚಿಕ್ಕದು, ಕಡಿದು. ನೀವು ನಿಂತಲ್ಲಿ ಬಿಸಿಲಿರುತ್ತದೆ, ಮೇಲಿನ ಗುಡ್ಡದಲ್ಲಿ ಅರ್ಧ ತಾಸು ಸುರಿದ ಮಳೆ ಹತ್ತು-ಹದಿನೈದು ನಿಮಿಷದಲ್ಲಿ ಮೊಣಕಾಲಿನ ನೀರನ್ನು ಎದೆಮಟ್ಟ ಮಾಡುತ್ತದೆ.

ಗುರುತು ಇವೆ. ತಿಳಿನೀರು ಸ್ವಲ್ಪ ಚಹಾದ ಬಣ್ಣಕ್ಕೆ ತಿರುಗುತ್ತದೆ. ಒಣ ಎಲೆ, ಕಡ್ಡಿ ಗುಂಪುಗುಂಪಾಗಿ ತೇಲಿ ಬರತೊಡಗುತ್ತವೆ. ಮೇಲ್ಗಡೆಯಿಂದ ಕಲ್ಲು ಉರುಳುವ ಗುಡುಗುಡು ಸದ್ದು ಕೇಳುತ್ತದೆ. ಒಣಗಿದ್ದ ಬಂಡೆಯ ಅಂಚು ಹಸಿಯಾಗುತ್ತದೆ. ಇವುಗಳಲ್ಲಿ ಒಂದು ಕಂಡರೂ ನೀರಿನಿಂದ ಎದ್ದು ದಂಡೆಯ ಮೇಲಕ್ಕೆ ಹತ್ತಿ. ಚೀಲ, ಚಪ್ಪಲಿ ಎತ್ತಲು ತಿರುಗಬೇಡಿ.

ರಭಸದ ನೀರು 15 ಸೆಂ.ಮೀ. ಇದ್ದರೂ ನಿಂತವರನ್ನು ಕೆಡವಬಲ್ಲದು, 30 ಸೆಂ.ಮೀ. ಸಣ್ಣ ಕಾರನ್ನು ತೇಲಿಸುತ್ತದೆ, 60 ಸೆಂ.ಮೀ. ಬಹುತೇಕ ಎಲ್ಲ ಗಾಡಿಗಳನ್ನೂ ಒಯ್ಯುತ್ತದೆ. ಖಾನಾಪುರ–ಹೆಮ್ಮಡಗಾ ರಸ್ತೆಯಲ್ಲಿ ಹಾಲತ್ರಿ ಹಳ್ಳದ ಸೇತುವೆ ಮಳೆಗಾಲದಲ್ಲಿ ಮುಳುಗುವುದುಂಟು. ಬೆಳಿಗ್ಗೆ ದಾಟಿ ಹೋದವರು ಸಂಜೆ ಆಚೆ ದಂಡೆಯಲ್ಲಿ ಉಳಿಯುತ್ತಾರೆ. ಆಗ ಮಾಡಬೇಕಾದದ್ದು ಒಂದೇ: ಅಲ್ಲೇ ಉಳಿಯುವುದು. ನೀರು ಏರಿದಷ್ಟೇ ಬೇಗ ಇಳಿಯುತ್ತದೆ, ಮಳೆ ನಿಂತರೆ ಕೆಲವು ತಾಸಿನ ಮಾತು. ಹೆಚ್ಚಿಗೆ ತಂದ ಆ ಒಂದು ಹೊತ್ತಿನ ಊಟ ಇದಕ್ಕೇ.

ದಾಂಡೇಲಿ ಕಡೆಯ ಕಾಳಿ ನದಿಗೆ ಬೇರೆ ನಿಯಮ. ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಮಳೆಯೇ ಇಲ್ಲದ ದಿನವೂ ನದಿ ಏರುತ್ತದೆ. ಅದರಲ್ಲಿ ಮೊಸಳೆಗಳೂ ಇವೆ. ಸ್ಥಳೀಯರು ತೋರಿಸಿದ ಜಾಗ ಬಿಟ್ಟು ನೀರಿಗಿಳಿಯಬೇಡಿ, ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕುಂತು ಪಾತ್ರೆ ತೊಳೆಯಬೇಡಿ. ಜಲಪಾತದ ತುದಿಯ ಬಂಡೆಯ ಮೇಲಿನ ಹಸಿರು ಪಾಚಿ ಒಣಗಿದಂತೆ ಕಂಡರೂ ಜಾರುತ್ತದೆ. ತುದಿಯಿಂದ ಮೂರು ಮಾರು ದೂರ ನಿಂತರೆ ಫೋಟೋ ಅಷ್ಟೇ ಚೆನ್ನಾಗಿ ಬರುತ್ತದೆ.

ಪ್ರಾಣಿ, ಹುಳ, ಹಾವು

ದೊಡ್ಡ ಪ್ರಾಣಿಗಳ ಪೈಕಿ ನಡೆಯುವವರಿಗೆ ಹೆಚ್ಚು ಅಪಾಯ ಕರಡಿಯಿಂದ. ಅದಕ್ಕೆ ದೃಷ್ಟಿ ಮಂದ, ಹುತ್ತ ಕೆದರುವಾಗ ಸುತ್ತಲಿನ ಪರಿವೆ ಇರುವುದಿಲ್ಲ, ತಿರುವಿನಲ್ಲಿ ಮನುಷ್ಯ ಧುತ್ತನೆ ಎದುರಾದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಬೆಳಕು ಹರಿಯುವ ಮತ್ತು ಮುಳುಗುವ ಹೊತ್ತು ಅದರ ಓಡಾಟದ ಹೊತ್ತು. ಆದ್ದರಿಂದ ಪೊದೆ ದಟ್ಟವಿದ್ದಲ್ಲಿ ಸಹಜ ದನಿಯಲ್ಲಿ ಮಾತಾಡುತ್ತ ನಡೆಯಿರಿ. ಹಾಡು ಹಚ್ಚಬೇಡಿ, ಅದರಿಂದ ನಿಮಗೇ ಸುತ್ತಲಿನದು ಕೇಳುವುದಿಲ್ಲ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಎರಡೂ ಕೈ ಕುತ್ತಿಗೆಯ ಹಿಂದೆ ಹೆಣೆದು ಮುಖ ಮುಚ್ಚಿಕೊಳ್ಳಿ. ಆನೆ, ಕಾಡುಕೋಣ ಕಂಡರೆ ನಿಂತು, ಅವು ಹೋಗುವ ದಾರಿ ಬಿಟ್ಟು, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಒಂಟಿ ಕೋಣ ಸುಮ್ಮನೆ ಮೇಯುತ್ತಿದ್ದರೂ ಹತ್ತಿರ ಹೋಗಬೇಡಿ.

ಹೆಜ್ಜೇನು ಎದ್ದರೆ ಚೀಲ ಬಿಟ್ಟು ನೇರ ಓಡಿ, ಗಾಡಿ ಅಥವಾ ಮನೆ ಸೇರುವವರೆಗೆ. ನೀರಿಗೆ ಹಾರಿದರೆ ಅವು ಮೇಲೆ ಕಾಯುತ್ತವೆ. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಮುಖ ಊದಿ ಉಸಿರು ಕಟ್ಟುತ್ತಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಕೂಡಲೇ ದವಾಖಾನೆ.

ಹಾವಿನ ವಿಷಯದಲ್ಲಿ ತಪ್ಪು ಮಾಡುವವರೇ ಹೆಚ್ಚು, ನಿಧಾನವಾಗಿ ಕೇಳಿ. ಕಚ್ಚಿದ ಜಾಗದ ಮೇಲೆ ಹಗ್ಗ, ದಸ್ತಿ ಬಿಗಿದು ಕಟ್ಟಬೇಡಿ: ರಕ್ತ ನಿಂತು ಕಾಲೇ ಕೊಳೆಯುತ್ತದೆ. ಕೊಯ್ಯಬೇಡಿ, ಹೀರಬೇಡಿ. ಹಾವನ್ನು ಹಿಡಿಯಲು, ಕೊಲ್ಲಲು ಹೋಗಬೇಡಿ, ಎರಡನೆಯವರಿಗೂ ಕಚ್ಚುತ್ತದೆ. ಕಚ್ಚಿದ ಸಮಯ ಬರೆದಿಡಿ. ಉಂಗುರ, ಗಡಿಯಾರ, ಕಾಲ್ಗೆಜ್ಜೆ ತೆಗೆಯಿರಿ, ಊದಿಕೆ ಬಂದ ಮೇಲೆ ಬರುವುದಿಲ್ಲ. ಎರಡು ಕಡೆ ಕಟ್ಟಿಗೆ ಇಟ್ಟು, ಮೂಳೆ ಮುರಿದಾಗ ಕಟ್ಟುವಂತೆ, ಬೆರಳು ತೂರುವಷ್ಟು ಸಡಿಲವಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಾಲನ್ನು ಅಲುಗದಂತೆ ಮಾಡಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಹೊತ್ತುಕೊಂಡು ಬನ್ನಿ, ಬೈಕು ಬರುವ ದಾರಿ ಸಿಕ್ಕರೆ ಇಬ್ಬರ ನಡುವೆ ಕೂರಿಸಿ ಒಯ್ಯಿರಿ.

ಕಟ್ಟುಹಾವು ಕಚ್ಚಿದರೆ ನೋವೂ ಊತವೂ ಇಲ್ಲದಿರಬಹುದು, ತಾಸುಗಳ ಮೇಲೆ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು. ನೋವಿಲ್ಲ ಎಂದು ಬಿಡಬೇಡಿ. ನಮ್ಮ ದವಾಖಾನೆಗಳಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಘಟ್ಟದ ಗುಳಿಮಂಡಲಕ್ಕೂ ಕಾಳಿಂಗಕ್ಕೂ ಅದು ಆಗುವುದಿಲ್ಲ. ಆದ್ದರಿಂದ ಕಚ್ಚಿಸಿಕೊಳ್ಳದಿರುವುದೇ ಮುಖ್ಯ. ಗುಳಿಮಂಡಲ ಮೊಣಕಾಲಿನಿಂದ ತಲೆಯ ಎತ್ತರದ ಗಿಡದ ಮೇಲೆ ಎಲೆಯ ಬಣ್ಣದಲ್ಲೇ ಸುತ್ತಿಕೊಂಡು ಅಲುಗದೆ ಇರುತ್ತದೆ. ಏರು ಹತ್ತುವಾಗ ನೋಡದೆ ಟೊಂಗೆ ಹಿಡಿಯಬೇಡಿ. ಅಡ್ಡ ಬಿದ್ದ ಮರವನ್ನು ಒಮ್ಮೆಲೇ ದಾಟಬೇಡಿ, ಮೇಲೆ ಕಾಲಿಟ್ಟು ಆಚೆ ಬದಿ ನೋಡಿ ಇಳಿಯಿರಿ.

ಜಿಗಣೆಗೆ ಹೆದರುವವರು ಬಹಳ. ಅದು ಕಿರಿಕಿರಿ ಅಷ್ಟೇ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಹತ್ತಿದ್ದನ್ನು ಉಗುರಿನಿಂದ ಬಾಯಿ ಬಿಡಿಸಿ ತೆಗೆಯಿರಿ. ನಿಜವಾಗಿ ಎಚ್ಚರ ಬೇಕಾದದ್ದು ಉಣ್ಣೆಯ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಹುಳದ ಬಗ್ಗೆ. ಅದು ಕಚ್ಚಿದರೆ ಬರುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಮೇಲೆ ಖಾನಾಪುರದ ಗಡಿಯಾಚೆಯ ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ ಕಡೆಯೂ ಕಾಣಿಸಿದೆ. ಕಾಲ ಡಿಸೆಂಬರಿನಿಂದ ಮೇ, ಅಂದರೆ ನಾವು ಒಳ್ಳೆಯದೆಂದ ತಿಂಗಳುಗಳೂ ಅದರಲ್ಲೇ ಬರುತ್ತವೆ. ಒಣ ಎಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಉಣ್ಣೆ ಹತ್ತದಂತೆ ತಡೆಯುವ, ಆರೋಗ್ಯ ಇಲಾಖೆಯ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಬೆಳಕಿನಲ್ಲಿ ಹುಡುಕಿ. ಅಂಟಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ.

ಸಭಿಕರ ಪ್ರಶ್ನೆಗಳು

ಒಬ್ಬರು ಕೇಳಿದರು: "ಎಂಟು ವರ್ಷದ ಹುಡುಗರನ್ನ ಕರ್ಕೊಂಡು ಹೋಗಬಹುದೇನ್ರಿ?" ಭೀಮಗಡದ ಒಳದಾರಿಗೆ ಬೇಡ. ದಾಂಡೇಲಿ ಹತ್ತಿರದ ಕುಳಗಿ ನಿಸರ್ಗ ಶಿಬಿರದಲ್ಲಿ ಉಳಿದು, ಫಣಸೋಳಿ ಕಡೆ ಜೀಪ್ ಸಫಾರಿ ಮಾಡಿಸಿ. ಮಕ್ಕಳಿಗೆ ಅಷ್ಟೇ ಖುಷಿ, ರಸ್ತೆ ಹತ್ತಿರ, ದವಾಖಾನೆ ದಾಂಡೇಲಿಯಲ್ಲೇ ಇದೆ.

"ಹೃದಯದ ಸ್ಟೆಂಟ್ ಹಾಕಿಸಿಕೊಂಡವರು?" ನಿಮ್ಮ ಡಾಕ್ಟರನ್ನು ಕೇಳುವಾಗ "ಚಾರಣ ಮಾಡಬಹುದಾ" ಎಂದಷ್ಟೇ ಕೇಳಬೇಡಿ. "ದವಾಖಾನೆ 11 ತಾಸು ದೂರ ಇರುವ ಜಾಗದಲ್ಲಿ 10 ಕಿ.ಮೀ. ನಡೆಯಬಹುದಾ" ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ.

"ದಾರಿ ತಪ್ಪಿದರ ಏನ್ ಮಾಡೋದು, ಹಳ್ಳ ಹಿಡದು ಇಳಿದರ ಊರು ಸಿಗ್ತದ ಅಂತಾರಲ್ಲ?" ಘಟ್ಟದಲ್ಲಿ ಆ ಮಾತು ಕೆಲಸಕ್ಕೆ ಬಾರದು. ಮಹದಾಯಿಯ ಕಡೆಗೆ ಇಳಿಯುವ ಹಳ್ಳಗಳು ಕಡಿದಾದ ಕಣಿವೆಗೆ, ಜಲಪಾತದ ತುದಿಗೆ ಒಯ್ಯುತ್ತವೆ. ಇಳಿದವರು ವಾಪಸ್ ಹತ್ತಲೂ ಆಗದೆ ಸಿಕ್ಕಿಕೊಳ್ಳುತ್ತಾರೆ. ದಾರಿ ತಪ್ಪಿದೆ ಎಂದು ಅನಿಸಿದಲ್ಲೇ ನಿಲ್ಲಿ. ಕೊನೆಗೆ ಗುರುತು ಸಿಕ್ಕ ಜಾಗ ಖಚಿತವಾಗಿ ಗೊತ್ತಿದ್ದರೆ ಅಲ್ಲಿಗೆ ವಾಪಸ್, ಇಲ್ಲದಿದ್ದರೆ ಒಂದೇ ಕಡೆ ಕುಂತು ಸೀಟಿ ಊದಿ. ಹುಡುಕುವವರು ನಿಮ್ಮ ಹಾಳೆಯಲ್ಲಿ ಬರೆದ ಹಾದಿಯನ್ನೇ ಹಿಡಿದು ಬರುತ್ತಾರೆ, ಅದರಿಂದ ದೂರ ಹೋದಷ್ಟೂ ತಡವಾಗುತ್ತದೆ.

ಕೊನೆಯ ಪ್ರಶ್ನೆ, ವಾಪಸ್ ಬಂದ ಮೇಲೆ ಜ್ವರ ಬಂದರೆ? ಮಂಗನ ಕಾಯಿಲೆ ಉಣ್ಣೆ ಕಚ್ಚಿದ 3ರಿಂದ 8 ದಿನಕ್ಕೆ ಒಮ್ಮೆಲೇ ಏರುವ ಜ್ವರ, ತಲೆಸಿಡಿತ, ಮೈಕೈ ನೋವಿನಿಂದ ಶುರುವಾಗುತ್ತದೆ. ಹಳ್ಳದ ನೀರಿನಿಂದ ಬರುವ ಇಲಿ ಜ್ವರ ಎರಡು ವಾರಕ್ಕೂ ಕಾಣಿಸಿಕೊಳ್ಳಬಹುದು. ತಿಂಗಳೊಳಗೆ ಬಂದ ಯಾವ ಜ್ವರವನ್ನೂ ಹವಾ ಬದಲಾದದ್ದು ಎಂದು ಬಿಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಇಂಥ ಜ್ವರದಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಸಾಕು. ದವಾಖಾನೆಗೆ ಹೋಗಿ, ಡಾಕ್ಟರು ಕೇಳುವ ಮೊದಲೇ ಯಾವ ದಿನ, ಯಾವ ಕಾಡಿಗೆ ಹೋಗಿದ್ದಿರಿ ಎಂದು ಹೇಳಿ.